ಹಳೇ ಪೊಲೀಸ್ ಕ್ರೌನ್ ವಿಕ್ ಹುಡುಕುತ್ತಿದ್ದೇನೆ, ಚೆನ್ನಾಗಿರೋದು ಒಂದೂ ಸಿಗ್ತಿಲ್ಲ. ಕೊಂಡವರು ಅನುಭವ ಹೇಳಿ

ಇಲಿನಾಯ್‌ನಿಂದ ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಫೋರ್ಡ್ ಕ್ರೌನ್ ವಿಕ್ಟೋರಿಯಾ ಪೊಲೀಸ್ ಇಂಟರ್‌ಸೆಪ್ಟರ್ (ಅಮೆರಿಕದ ಪೊಲೀಸರಿಗೆ ಅಂತಲೇ ಬರುತ್ತಿದ್ದ ದೊಡ್ಡ ಸೆಡಾನ್, ಕ್ರೌನ್ ವಿಕ್ ಅನ್ನೋದು ಇದನ್ನೇ) ಒಂದನ್ನು ಕೊಳ್ಳಬೇಕು ಅಂತ ಬಹಳ ದಿನದ ಆಸೆ. ವೀಕೆಂಡ್ ಓಡಿಸೋಕೆ, ಜೊತೆಗೆ ಸಣ್ಣಪುಟ್ಟ ರಿಪೇರಿ ಕೈಯಾರೆ ಕಲಿಯೋಕೆ. ನೋಡಿದ್ದೆಲ್ಲ ಒಂದೋ ತುಕ್ಕು ಹಿಡಿದದ್ದು, ಇಲ್ಲ ಡ್ಯಾಶ್‌ಬೋರ್ಡ್ ತುಂಬಾ ತೂತು, ಇಲ್ಲ ಯಾರೋ ಹುಡುಗರು ಡಬ್ಬಿ ಪೇಂಟ್ ಹೊಡೆದು ಕೆಡಿಸಿದ್ದು. ಒಳ್ಳೆ ಕಾರು ಇನ್ನೂ ಉಳಿದಿದೆಯಾ? ಎಲ್ಲಿ ಹುಡುಕಬೇಕು, ಏನೇನು ನೋಡಬೇಕು?

ಓಹಾಯೋದಿಂದ:
ಸಾರ್, ಯಾಕೆ ಸಿಗುತ್ತಿಲ್ಲ ಅನ್ನೋದನ್ನು ಮೊದಲು ಹೇಳಿಬಿಡುತ್ತೇನೆ, ಹುಡುಕುವ ದಾರಿ ಅದರಿಂದಲೇ ತಿಳಿಯುತ್ತದೆ. ಈ ಕಾರು ತಯಾರಾಗುತ್ತಿದ್ದದ್ದು ಕೆನಡಾದ ಒಂಟಾರಿಯೋದ ಸೇಂಟ್ ಥಾಮಸ್ ಕಾರ್ಖಾನೆಯಲ್ಲಿ. 2011ರ ಸೆಪ್ಟೆಂಬರ್ 15ಕ್ಕೆ ಕೊನೆಯ ಕಾರು ಹೊರಬಂತು, ಕಾರ್ಖಾನೆಗೂ ಬೀಗ ಬಿತ್ತು. 2008ರ ಮಾಡೆಲ್‌ನಿಂದಲೇ ಕ್ರೌನ್ ವಿಕ್ ಅನ್ನು ಅಮೆರಿಕದಲ್ಲಿ ಜನಸಾಮಾನ್ಯರಿಗೆ ಮಾರುತ್ತಿರಲಿಲ್ಲ, ಬರೀ ಫ್ಲೀಟ್‌ಗಳಿಗೆ, ಅಂದರೆ ಒಟ್ಟಿಗೆ ಹತ್ತಾರು ಕಾರು ಕೊಳ್ಳುವ ಪೊಲೀಸ್, ಟ್ಯಾಕ್ಸಿಯಂಥವರಿಗೆ. ಪೊಲೀಸರು ಲಕ್ಷ ಮೈಲಿ ಆಸುಪಾಸು ಓಡಿಸಿ ಹರಾಜಿಗೆ ಬಿಟ್ಟರು. ಅಲ್ಲಿ ಟ್ಯಾಕ್ಸಿಯವರು ಸಾಲು ಸಾಲಾಗಿ ಎತ್ತಿಕೊಂಡರು. ಫ್ರೇಮ್ ಗಟ್ಟಿ, ಪಾರ್ಟ್ಸ್ ಅಗ್ಗ, ಇನ್ನೇನು ಬೇಕು. ಅವರು ಹಿಂಡಿದ ಮೇಲೆ ಗುಜರಿ. ಅಲ್ಲಿಗೂ ಹೋಗದವು ಡೆಮೊಲಿಷನ್ ಡರ್ಬಿಯಲ್ಲಿ (ಹಳೇ ಕಾರುಗಳನ್ನು ಬೇಕಂತಲೇ ಗುದ್ದಿಸುವ ಆಟ) ಗುದ್ದಾಡಿ ಮುಗಿದವು. ನಿಮಗೆ ಜಾಹೀರಾತಿನಲ್ಲಿ ಕಾಣುತ್ತಿರುವುದು ಇಷ್ಟೆಲ್ಲ ಆದ ಮೇಲೆ ಮಿಕ್ಕಿದ್ದು.

ಹಾಗಂತ ಇಲ್ಲವೇ ಇಲ್ಲ ಅಂತಲ್ಲ. ಆದರೆ ಮೈಲಿ ನೋಡಿ ಕೊಳ್ಳಬೇಡಿ. ಎಲ್ಲರೂ ಓಡೋಮೀಟರ್ ನೋಡಿ "ಬರೀ ತೊಂಬತ್ತು ಸಾವಿರ" ಅಂತ ಖುಷಿಪಡುತ್ತಾರೆ. ಪೊಲೀಸ್ ಕಾರು ಓಡುವುದಕ್ಕಿಂತ ನಿಂತಲ್ಲೇ ಉರಿಯುವುದು ಜಾಸ್ತಿ. ರೇಡಿಯೋ, ಕಂಪ್ಯೂಟರ್, ಮೇಲಿನ ದೀಪ, ಚಳಿಗಾಲದಲ್ಲಿ ಹೀಟರ್, ಎಲ್ಲಕ್ಕೂ ಇಂಜಿನ್ ಚಾಲೂ ಇರಬೇಕಲ್ಲ. 2006ರಿಂದ ಈಚಿನ ಇಂಟರ್‌ಸೆಪ್ಟರ್‌ಗಳ ಮೀಟರ್‌ನಲ್ಲಿ ಇಂಜಿನ್ ಎಷ್ಟು ಗಂಟೆ ಓಡಿದೆ ಅಂತಲೂ ಇರುತ್ತದೆ. ಕೀ ಆನ್ ಮಾಡಿ ಟ್ರಿಪ್ ಬಟನ್ ಒತ್ತುತ್ತಾ ಹೋಗಿ, ಬರುತ್ತದೆ. ಮೈಲಿಯನ್ನು ಆ ಗಂಟೆಯಿಂದ ಭಾಗಿಸಿ.

ಒಂದು ಲೆಕ್ಕ ನೋಡಿ. ಒಂದು ಕಾರು 92,000 ಮೈಲಿ, 9,200 ಗಂಟೆ. ಅಂದರೆ ಗಂಟೆಗೆ ಸರಾಸರಿ 10 ಮೈಲಿ. ಊರೊಳಗಿನ ಗಸ್ತು, ಮೂರು ಶಿಫ್ಟ್, ದಿನವಿಡೀ ನಿಂತಲ್ಲೇ ಐಡ್ಲಿಂಗ್. ಇನ್ನೊಂದು 1,40,000 ಮೈಲಿ, 5,000 ಗಂಟೆ. ಸರಾಸರಿ 28. ಇದು ಹೈವೇಯಲ್ಲಿ ಓಡಿದ್ದು, ಇಲ್ಲ ಒಬ್ಬ ಡಿಟೆಕ್ಟಿವ್ ಮನೆಗೂ ಕೆಲಸಕ್ಕೂ ಓಡಾಡಿದ್ದು. ನಾನಾದರೆ ಕಣ್ಣುಮುಚ್ಚಿ ಎರಡನೆಯದನ್ನು ತೆಗೆದುಕೊಳ್ಳುತ್ತೇನೆ. ಒಂದು ಗಂಟೆ ಐಡ್ಲಿಂಗ್ ಅಂದರೆ ಇಂಜಿನ್‌ಗೆ ಸುಮಾರು 33 ಮೈಲಿ ಓಡಿದಷ್ಟು ಸವೆತ ಅಂತ ಫ್ಲೀಟ್ ಮೆಕ್ಯಾನಿಕ್‌ಗಳು ಲೆಕ್ಕ ಹಾಕುತ್ತಾರೆ. ಆ ಪ್ರಕಾರ ಮೊದಲನೆಯ ಕಾರಿನ ನಿಜವಾದ ವಯಸ್ಸು ನೀವೇ ಊಹಿಸಿ.

ಮಾರುವವರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಇದು ಒಬ್ಬರ ಕೈಯಲ್ಲಿದ್ದ ಕಾರಾ, ಶಿಫ್ಟ್ ಬದಲಾದಾಗ ಕೈ ಬದಲಾಗುತ್ತಿದ್ದ ಕಾರಾ? ಕೆಲವು ಇಲಾಖೆಗಳಲ್ಲಿ ಆಫೀಸರ್‌ಗಳು ಕಾರನ್ನು ಮನೆಗೇ ಒಯ್ಯುತ್ತಾರೆ. ಅಂಥ ಕಾರು ತೊಳೆದಿರುತ್ತಾರೆ, ಆಯಿಲ್ ಹೊತ್ತಿಗೆ ಸರಿಯಾಗಿ ಬದಲಿಸಿರುತ್ತಾರೆ. ಹತ್ತು ಜನ ಓಡಿಸಿದ ಕಾರನ್ನು ನನ್ನದು ಅಂತ ನೋಡುವವರು ಯಾರಿರುತ್ತಾರೆ?

ಮಿನಿಸೋಟದಿಂದ:
ಮೇಲಿನವರು ಹೇಳಿದ್ದು ಸರಿ, ಆದರೆ ನಮ್ಮ ಕಡೆ ಗಂಟೆ ನೋಡುವ ಮೊದಲು ಕಾರಿನ ಕೆಳಗೆ ಮಲಗಿ ನೋಡಬೇಕು. ರಸ್ತೆಗೆ ಉಪ್ಪು ಸುರಿಯುವ ರಾಜ್ಯದಲ್ಲಿ ಈ ಕಾರಿನ ಫ್ರೇಮ್, ಬ್ರೇಕ್ ಲೈನ್, ಹಿಂದಿನ ಚಕ್ರದ ಕಮಾನು ಮೊದಲು ಹೋಗುತ್ತವೆ. ಸುತ್ತಿಗೆ ತೆಗೆದುಕೊಂಡು ಹೋಗಿ ಮೆಲ್ಲಗೆ ತಟ್ಟಿ ನೋಡಿ. ಟಣ್ ಅಂದರೆ ಸರಿ, ಪೊಳ್ಳು ಸದ್ದು ಬಂದರೆ ಎದ್ದು ಬಂದುಬಿಡಿ. ಕೆಳಭಾಗಕ್ಕೆ ಹೊಸದಾಗಿ ಕಪ್ಪು ಕೋಟಿಂಗ್ ಹೊಡೆದಿದ್ದರೆ ಇನ್ನೂ ಹುಷಾರು.

ಫ್ಲಾರಿಡಾದಿಂದ:
ನಾನು ಕೊಂಡಿದ್ದು ಇಲ್ಲಿನ ಒಂದು ಸಣ್ಣ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಷೆರಿಫ್, ಅಂದರೆ ಅಲ್ಲಿನ ಪೊಲೀಸ್ ಮುಖ್ಯಸ್ಥರ ಕಚೇರಿ ಹರಾಜಿಗಿಟ್ಟ ಕಾರು. ಗವ್‌ಡೀಲ್ಸ್, ಪಬ್ಲಿಕ್ ಸರ್‌ಪ್ಲಸ್ ಅನ್ನೋ ಸರ್ಕಾರಿ ಹರಾಜಿನ ವೆಬ್‌ಸೈಟ್ ಎರಡರಲ್ಲೂ ಸಣ್ಣ ಊರುಗಳ ಪಟ್ಟಿ ನೋಡುತ್ತಿರಿ. ದೊಡ್ಡ ನಗರದ ಕಾರು ಬೇಡವೇ ಬೇಡ. ಬಿಡ್ ಮೊತ್ತದ ಮೇಲೆ ಖರೀದಿದಾರರ ಕಮಿಷನ್ ಬೇರೆ ಇರುತ್ತದೆ, ಅದನ್ನೂ ಸೇರಿಸಿಕೊಂಡು ಕೂಗಿ. ಎಲ್ಲವೂ ಇದ್ದ ಹಾಗೇ ಮಾರಾಟ, ಆಮೇಲೆ ಯಾರನ್ನೂ ಕೇಳುವ ಹಾಗಿಲ್ಲ. ಮೊದಲೇ ಹೋಗಿ ನೋಡಲು ಒಂದು ದಿನ ಕೊಟ್ಟಿರುತ್ತಾರೆ, ತಪ್ಪಿಸಬೇಡಿ.

ಹೋದಾಗ ಬೆಳಗ್ಗೆ ಬಿಸಿಲು ಓರೆಯಾಗಿರುವಾಗ ಬಾಗಿಲ ಪಕ್ಕ ನಿಂತು ನೋಡಿ. ಸ್ಟಿಕ್ಕರ್ ಕಿತ್ತ ಜಾಗದಲ್ಲಿ ಬಣ್ಣ ಮಾಸಿರುವುದಿಲ್ಲ, ಹಳೆಯ ಅಕ್ಷರ ಓದಲು ಬರುತ್ತದೆ. ನನ್ನ ಕಾರಿನ ಬಾಗಿಲಲ್ಲಿ ಈಗಲೂ "ಷೆರಿಫ್" ಅಂತ ಓದಬಹುದು. ಪಾಲಿಶ್ ಮಾಡಿದರೂ ಹೋಗಿಲ್ಲ, ನನಗೇನೂ ಬೇಜಾರಿಲ್ಲ. ಆದರೆ ಅಕ್ಷರ ಒಂದು ಬಾಗಿಲಲ್ಲಿ ಕಂಡು ಇನ್ನೊಂದರಲ್ಲಿ ಕಾಣದಿದ್ದರೆ ಆ ಬಾಗಿಲು ಬದಲಾಗಿದೆ ಅಥವಾ ಬಣ್ಣ ಬಳಿದಿದ್ದಾರೆ ಅಂತ ಅರ್ಥ. ಆಗ ಗುದ್ದಿಸಿಕೊಂಡ ಕಥೆ ಕೇಳಿ.

ಆಮೇಲೆ ಡ್ರೈವರ್ ಸೀಟು. ಬೆಲ್ಟ್‌ನಲ್ಲಿ ಗನ್, ಬೇಡಿ, ಟಾರ್ಚ್ ಸಿಕ್ಕಿಸಿಕೊಂಡು ಹತ್ತಿ ಇಳಿದು ಸೀಟಿನ ಅಂಚು ಹರಿದು ಸ್ಪಂಜು ಹೊರಬಂದಿರುತ್ತದೆ. ಅಂಚು ನೆಟ್ಟಗಿದ್ದರೆ ಬಹುಶಃ ಕಚೇರಿ ಕೆಲಸದ ಕಾರು. ರೂಫ್‌ನಲ್ಲಿ ಲೈಟ್‌ಬಾರ್ ಕಿತ್ತ ತೂತಿಗೆ ರಬ್ಬರ್ ಬಿರಡೆ ಹಾಕಿರುತ್ತಾರೆ. ಒಳಗಿನ ಸೀಲಿಂಗ್ ಬಟ್ಟೆ ಮುಟ್ಟಿ ನೋಡಿ, ಕಲೆ ಇದ್ದರೆ ಮಳೆ ನೀರು ಇಳಿದಿದೆ.

ಇಲಿನಾಯ್‌ನಿಂದ ಮತ್ತೆ:
ತುಂಬಾ ಥ್ಯಾಂಕ್ಸ್. ಯಾವ ವರ್ಷದ್ದು ಒಳ್ಳೆಯದು? ಪೊಲೀಸ್‌ದೇ ಅಂತ ಖಾತ್ರಿ ಮಾಡಿಕೊಳ್ಳೋದು ಹೇಗೆ? ಇಲ್ಲೊಬ್ಬರು ಮಾಮೂಲಿ ಕಾರಿಗೆ ಸ್ಪಾಟ್‌ಲೈಟ್ ಹಾಕಿ ಪೊಲೀಸ್ ಕಾರು ಅಂತ ಮಾರುತ್ತಿದ್ದಾರೆ.

ಓಹಾಯೋದಿಂದ:
ವಿಐಎನ್ ನಂಬರ್‌ನಲ್ಲಿ (ಪ್ರತಿ ಕಾರಿಗೂ ಇರುವ ಗುರುತಿನ ಸಂಖ್ಯೆ) ಐದರಿಂದ ಏಳನೇ ಅಕ್ಷರ ನೋಡಿ, ಪಿ71 ಅಂತ ಇರಬೇಕು. ಕೊನೆಯ ವರ್ಷಗಳಲ್ಲಿ ಪಿ7ಬಿ. ಸ್ಪಾಟ್‌ಲೈಟ್ ಯಾರು ಬೇಕಾದರೂ ಹಾಕಿಸಬಹುದು, ಇದನ್ನು ಹಾಕಿಸಲಾಗದು.

ವರ್ಷ ಅಂದರೆ 2003 ಮತ್ತು ಆಮೇಲಿನದು. ಆ ವರ್ಷ ಫ್ರೇಮ್ ಬದಲಾಯಿತು, ರ‍್ಯಾಕ್ ಆ್ಯಂಡ್ ಪಿನಿಯನ್ ಸ್ಟೀರಿಂಗ್ ಬಂತು, ಓಡಿಸಿದರೆ ವ್ಯತ್ಯಾಸ ಗೊತ್ತಾಗುತ್ತದೆ. 2004ರಿಂದ 4.6 ಲೀಟರ್ ವಿ8ಗೆ 250 ಹಾರ್ಸ್‌ಪವರ್. 1996ರಿಂದ 2001ರವರೆಗಿನ ಇಂಜಿನ್‌ಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡ್ ಪ್ಲಾಸ್ಟಿಕ್‌ದು, ಕೂಲಂಟ್ ಹಾಯುವ ಜಾಗದಲ್ಲಿ ಬಿರಿಯುತ್ತದೆ. ಅಲ್ಯೂಮಿನಿಯಂ ಇರುವುದನ್ನು ಹಾಕಿಸಿದ್ದಾರಾ ಕೇಳಿ. 2003ರಿಂದ 2005ರ ಕಾರುಗಳಲ್ಲಿ ಹೆಡ್‌ಲೈಟ್ ನಡೆಸುವ ಮಾಡ್ಯೂಲ್ ಕೈಕೊಡುತ್ತದೆ, ರಾತ್ರಿ ಓಡುತ್ತಿರುವಾಗಲೇ ದೀಪ ಹೋಗಬಹುದು. ಹಾಗಾಗಿ 2006ರ ನಂತರದ್ದು ಸಿಕ್ಕರೆ ಗಂಟೆ ಮೀಟರೂ ಸಿಕ್ಕಿತು, ಈ ತಲೆನೋವೂ ತಪ್ಪಿತು.

ಇನ್ನೊಂದು ವಿಷಯ. ಟೈಟಲ್‌ನಲ್ಲಿ (ಕಾರಿನ ಮಾಲೀಕತ್ವದ ಪತ್ರ) ಮೈಲಿ ಎದುರು "ಎಕ್ಸೆಂಪ್ಟ್", ಅಂದರೆ ವಿನಾಯಿತಿ ಅಂತಿದ್ದರೆ ಗಾಬರಿ ಬೇಡ, 2010 ಮತ್ತು ಅದಕ್ಕಿಂತ ಹಳೇ ಮಾಡೆಲ್‌ಗಳಿಗೆ ಮೈಲಿ ಬರೆದುಕೊಡುವ ಕಡ್ಡಾಯ ಈಗಿಲ್ಲ. 2011ರ ಮಾಡೆಲ್‌ಗೆ ಮಾತ್ರ 20 ವರ್ಷ ಆಗುವವರೆಗೆ ಬರೆದುಕೊಡಲೇಬೇಕು. ಕೊಡಲ್ಲ ಅಂದರೆ ವ್ಯಾಪಾರ ಬೇಡ.

ಕ್ಯಾಲಿಫೋರ್ನಿಯಾದಿಂದ:
ಕಪ್ಪು ಬಿಳುಪು ಬಣ್ಣದ ಕಾರು ನೋಡಿ ಮರುಳಾಗಬೇಡಿ. ನಮ್ಮಲ್ಲಿ ಪೊಲೀಸ್ ಕಾರಿನಂತೆ ಬಣ್ಣ ಹೊಡೆದ ಕಾರು ಇಟ್ಟುಕೊಳ್ಳುವುದೇ ಕಾನೂನುಬಾಹಿರ, ವೆಹಿಕಲ್ ಕೋಡ್ 27605. ಬಾಗಿಲಿಗೆ ಬಣ್ಣ ಹೊಡೆಸುವ ಖರ್ಚು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ನಿಮ್ಮ ರಾಜ್ಯದ ನಿಯಮವನ್ನು ಡಿಎಂವಿಯಲ್ಲಿ (ವಾಹನ ನೋಂದಣಿ ಕಚೇರಿ) ಕೇಳಿ. ಕೆಂಪು ನೀಲಿ ದೀಪದ ಗೋಜಿಗಂತೂ ಎಲ್ಲೂ ಹೋಗಬೇಡಿ. ವೀಸಾದಲ್ಲಿ ಇರುವವರಿಗೆ ಬಿಡಿಸಿ ಹೇಳಬೇಕಿಲ್ಲ.

ಮಿಶಿಗನ್‌ನಿಂದ:
ಇಷ್ಟೆಲ್ಲ ಒದ್ದಾಟ ಯಾಕೆ ಅಂತ ನನ್ನ ಪ್ರಶ್ನೆ. ಮರ್ಕ್ಯುರಿ ಗ್ರ್ಯಾಂಡ್ ಮಾರ್ಕ್ವಿಸ್ ತಗೊಳ್ಳಿ. ಪ್ಯಾಂಥರ್ ಅನ್ನೋ ಅದೇ ಫ್ರೇಮ್, ಅದೇ 4.6 ಇಂಜಿನ್, ಅದೇ ಕಾರ್ಖಾನೆ. ಓಡಿಸಿದ್ದು ರಿಟೈರ್ ಆದ ಅಜ್ಜ ಅಜ್ಜಿ, ಚರ್ಚ್‌ಗೂ ಅಂಗಡಿಗೂ. ಗ್ಯಾರೇಜ್‌ನಲ್ಲಿ ಹೊದಿಸಿಟ್ಟದ್ದು ಈಗಲೂ ಸಿಗುತ್ತದೆ.

ಫ್ಲಾರಿಡಾದಿಂದ:
ಅಣ್ಣ, ಮಸಾಲೆ ದೋಸೆ ಕೇಳಿದವರಿಗೆ ಇಡ್ಲಿ ಆರೋಗ್ಯಕ್ಕೆ ಒಳ್ಳೇದು ಅಂದಂಗಾಯ್ತು. ಪೊಲೀಸ್ ಕಾರಿನ ಗಟ್ಟಿ ಸಸ್ಪೆನ್ಷನ್, ದೊಡ್ಡ ಕೂಲರ್‌ಗಳು ಅದರಲ್ಲಿ ಎಲ್ಲಿವೆ? ಆದರೂ ಮೊದಲ ಕಾರು ಅಂದರೆ ನಿಮ್ಮ ಮಾತು ಒಪ್ಪುತ್ತೇನೆ. ನಡುವಿನ ದಾರಿಯೂ ಇದೆ: ಡಿಟೆಕ್ಟಿವ್‌ಗಳಿಗೆ ಅಂತಲೇ ಸ್ಟ್ರೀಟ್ ಅಪಿಯರೆನ್ಸ್ ಪ್ಯಾಕೇಜ್ ಅಂತ ಬರುತ್ತಿತ್ತು. ಹೊರಗೆ ಮಾಮೂಲಿ ಕಾರಿನ ಕ್ರೋಮ್, ಒಳಗೆ ಪಿ71. ರೂಫ್‌ನಲ್ಲಿ ತೂತು ಇರುವ ಸಾಧ್ಯತೆ ಕಡಿಮೆ. ಸಿಕ್ಕರೆ ಬಿಡಬೇಡಿ.

ಬೆಂಗಳೂರಿನಿಂದ:
ಓದಿ ಹೊಟ್ಟೆ ಉರೀತು. ಇಲ್ಲಿ ಹಳೇ ಪೊಲೀಸ್ ಜಿಪ್ಸಿ ತಗೊಳ್ಳಬೇಕು ಅಂತ ನನಗೂ ಆಸೆ ಇತ್ತು. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ಗಾಡಿಗಳ ನೋಂದಣಿ ರದ್ದು, ಸೀದಾ ಸ್ಕ್ರ್ಯಾಪ್. ನಿಮ್ಮ ಕ್ರೌನ್ ವಿಕ್ ವಯಸ್ಸಿನ ಗಾಡಿ ನಮ್ಮಲ್ಲಿ ಹರಾಜಿನವರೆಗೂ ಬರೋದಿಲ್ಲ, ತಗಡಾಗುತ್ತದೆ.

ಟೆಕ್ಸಾಸ್‌ನಿಂದ:
ಕ್ರೌನ್ ವಿಕ್‌ಗೇ ಜೋತುಬೀಳಬೇಕಿಲ್ಲದಿದ್ದರೆ ಡಾಡ್ಜ್ ಚಾರ್ಜರ್ ಪರ್ಸ್ಯೂಟ್ ನೋಡಿ, 5.7 ಲೀಟರ್ ಹೆಮಿ ವಿ8 ಇಂಜಿನ್. ಇಲ್ಲ, ಎಕ್ಸ್‌ಪ್ಲೋರರ್ ಆಧಾರದ ಇಂಟರ್‌ಸೆಪ್ಟರ್ ಯುಟಿಲಿಟಿ, 2013ರ ಮಾಡೆಲ್‌ನಿಂದ ಇದೆ, ಹರಾಜಿನಲ್ಲಿ ಬೇಕಾದಷ್ಟು ಬರುತ್ತದೆ. ಆದರೆ ಅದರ 3.7 ವಿ6ನಲ್ಲಿ ವಾಟರ್ ಪಂಪ್ ಇಂಜಿನ್ ಒಳಗೇ ಇದೆ, ಟೈಮಿಂಗ್ ಚೈನ್ ತಿರುಗಿಸುತ್ತದೆ. ಸೋರಿದರೆ ಕೂಲಂಟ್ ಆಯಿಲ್‌ಗೆ ಸೇರಿ ಇಂಜಿನ್ನೇ ಹೋಗಬಹುದು. ಡಿಪ್‌ಸ್ಟಿಕ್ ಎಳೆದು ಆಯಿಲ್ ಹಾಲು ಹಾಕಿದ ಕಾಫಿ ಬಣ್ಣ ಇದೆಯಾ ನೋಡದೆ ಬಿಡ್ ಮಾಡಬೇಡಿ.

ಓಹಾಯೋದಿಂದ:
ಕಾರು ಸಿಕ್ಕ ಮೇಲಿನ ಮೊದಲ ಕೆಲಸವನ್ನೂ ಬರೆದುಬಿಡುತ್ತೇನೆ. ಇಲಾಖೆಗಳು ಎಷ್ಟೋ ಕಾರುಗಳಿಗೆ ಒಂದೇ ಕೀ ಮಾಡಿಸುತ್ತಿದ್ದವು. ನಿಮ್ಮ ಕೀ ಇನ್ನೊಬ್ಬರ ಕ್ರೌನ್ ವಿಕ್‌ಗೆ, ಅವರದ್ದು ನಿಮ್ಮದಕ್ಕೆ ಆಗಿಬಿಡಬಹುದು, ಇಂಥ ಕೀ ಆನ್‌ಲೈನ್‌ನಲ್ಲೂ ಮಾರುತ್ತಾರೆ. ಇಗ್ನಿಷನ್ ಮತ್ತು ಬಾಗಿಲಿನ ಲಾಕ್ ಬದಲಿಸಿ. ಹಿಂದಿನ ಬಾಗಿಲು ಒಳಗಿಂದ ತೆರೆಯದ ಹಾಗೆ ಮಾಡಿರುತ್ತಾರೆ, ಅದನ್ನೂ ಸರಿಮಾಡಿಸಿ, ಆಮೇಲೆ ಮಕ್ಕಳನ್ನು ಕೂರಿಸಿ.