ವಿಂಟರ್‌ಹೋಲ್ಡ್ ಏಕೆ ಕುಸಿಯಿತೆಂದು ನಮ್ಮ ಕಥೆ ಹೇಳಬೇಕೇ?

ತಮ್ಮ: ಸ್ಕೈರಿಮ್ ಎಂಬ ವಿಡಿಯೊ ಆಟದ ಲೋಕವನ್ನು ಆಧರಿಸಿ ನಾನು ಬರೆಯಬೇಕೆಂದಿರುವ ಫ್ಯಾನ್ ಫಿಕ್ಷನ್ನಿನ ಕಥಾಹಂದರವನ್ನು ಮೇಲೆ ಹಾಕಿದ್ದೇನೆ. ಒಟ್ಟು ಎಂಟು ಪುಟಗಳಿವೆ. ಆಟದ ನಾಯಕನಾದ ಡ್ರ್ಯಾಗನ್‌ಬಾರ್ನ್ ವಿಂಟರ್‌ಹೋಲ್ಡ್ ಎಂಬ ಊರಿನ ಮಾಂತ್ರಿಕರ ಕಾಲೇಜಿಗೆ ಬರುತ್ತಾನೆ. ನಾಲ್ಕನೆಯ ಯುಗದ 122ನೆಯ ವರ್ಷದಲ್ಲಿ ಆ ಊರಿನ ಬಹುಭಾಗ ಸಮುದ್ರದ ಪಾಲಾದ ಮಹಾಕುಸಿತಕ್ಕೆ ಕಾರಣವೇನೆಂದು ಹುಡುಕುತ್ತಾನೆ. ಸಾರ್ಥಾಲ್ ಎಂಬ ಪಾಳುಬಿದ್ದ ಪ್ರಾಚೀನ ನಗರದ ನೆಲದಡಿಯಲ್ಲಿ ಹೂತಿದ್ದ, ‘ಮ್ಯಾಗ್ನಸ್‌ನ ಕಣ್ಣು’ ಎಂಬ ಮಾಂತ್ರಿಕ ಗೋಳವೇ ಅದಕ್ಕೆ ಕಾರಣವೆಂದು ಕೊನೆಯ ಅಧ್ಯಾಯದಲ್ಲಿ ಬಯಲಾಗುತ್ತದೆ. ದಯವಿಟ್ಟು ಎಲ್ಲರೂ ಓದಿ. ಮೆಚ್ಚುಗೆಗಿಂತ ತಿದ್ದುಪಡಿ ಹೇಳಿದರೆ ಹೆಚ್ಚು ಉಪಕಾರವಾಗುತ್ತದೆ.

ಅಕ್ಕ: ಪೂರ್ತಿ ಓದಿದೆ. ಕಾರಣವನ್ನು ನೀನು ಆರಿಸಿಕೊಂಡಿರುವ ರೀತಿ ನನಗೆ ಒಪ್ಪಿಗೆಯಾಯಿತು. ಸಾರ್ಥಾಲ್ ಇರುವುದು ವಿಂಟರ್‌ಹೋಲ್ಡಿಗೆ ಸಮೀಪದಲ್ಲಿಯೇ. ಆಟದಲ್ಲಿಯೂ ಅಂಕಾನೋ ಎಂಬ ಮಾಂತ್ರಿಕ ಆ ಕಣ್ಣನ್ನು ಕೈವಶ ಮಾಡಿಕೊಳ್ಳಲು ಹೋದಾಗ ಅದರ ಶಕ್ತಿ ಹತೋಟಿ ಮೀರಿ, ಅದರಿಂದ ಹುಟ್ಟಿದ ಮಾಂತ್ರಿಕ ಜೀವಿಗಳು ಊರಿನ ಮೇಲೆಯೇ ಬೀಳುತ್ತವೆ. ಒಮ್ಮೆ ಊರಿಗೆ ಕೇಡು ಮಾಡಿದ ವಸ್ತು ಹಿಂದೆಯೂ ಮಾಡಿರಬಹುದು ಎಂದರೆ ಯಾರೂ ತಳ್ಳಿಹಾಕಲಾರರು.

ನಾನು: ನಾನು ಎರಡು ಬಾರಿ ಓದಿದೆ, ಮತ್ತು ಎರಡು ವಿಷಯಗಳಲ್ಲಿ ನನಗೆ ಬಲವಾದ ಭಿನ್ನಾಭಿಪ್ರಾಯವಿದೆ. ಮೊದಲನೆಯದು ನಾಯಕನದು. ಡ್ರ್ಯಾಗನ್‌ಬಾರ್ನ್ ಯಾರೆಂಬುದನ್ನು ಆಟ ಎಲ್ಲಿಯೂ ಗೊತ್ತುಮಾಡಿಲ್ಲ. ಹತ್ತು ಜನಾಂಗಗಳಲ್ಲಿ ಒಂದನ್ನು, ಗಂಡೋ ಹೆಣ್ಣೋ ಎಂಬುದನ್ನು, ಹೆಸರನ್ನು, ಮುಖವನ್ನು ಎಲ್ಲವನ್ನೂ ಆಡುವವರೇ ಆರಿಸಿಕೊಳ್ಳುತ್ತಾರೆ. 2011ರ ನವೆಂಬರ್ 11ರಂದು ಆಟ ಬಿಡುಗಡೆಯಾದಂದಿನಿಂದ ಆಡಿದ ಪ್ರತಿಯೊಬ್ಬರ ಮನಸ್ಸಿನಲ್ಲಿಯೂ ಅವರದೇ ಆದ ಒಬ್ಬ ಡ್ರ್ಯಾಗನ್‌ಬಾರ್ನ್ ಇದ್ದಾನೆ ಅಥವಾ ಇದ್ದಾಳೆ. ನೀನು ಚಿನ್ನದ ಬಣ್ಣದ ಕೂದಲಿನ, ನಾರ್ಡ್ ಎಂಬ ಮನುಷ್ಯ ಜನಾಂಗದ ಯುವಕನನ್ನು ತಂದು ನಿಲ್ಲಿಸಿದ ಕೂಡಲೇ, ಹಲ್ಲಿಯ ಮೈಯ ಆರ್ಗೋನಿಯನ್ ಆಗಿ ಇನ್ನೂರು ಗಂಟೆ ಆಡಿದ ಓದುಗನಿಗೆ ಅದು ಬೇರೆ ಯಾರದೋ ಕಥೆಯಾಗುತ್ತದೆ. ಎರಡನೆಯದು ಇನ್ನೂ ಮುಖ್ಯವಾದದ್ದು: ಆ ಊರು ಏಕೆ ಕುಸಿಯಿತೆಂದು ನಮ್ಮ ಕಥೆ ಹೇಳಲೇಬಾರದು.

ತಮ್ಮ: ಅಣ್ಣ, ಮೊದಲನೆಯದನ್ನು ಒಪ್ಪುತ್ತೇನೆ. ಎರಡನೆಯದು ನನಗೆ ಅರ್ಥವೇ ಆಗಲಿಲ್ಲ. ಕ್ಯಾನನ್, ಅಂದರೆ ಆಟದ ಅಧಿಕೃತ ಕಥೆ, ಬಾಯಿ ಮುಚ್ಚಿಕೊಂಡಿರುವ ಕಡೆ ಮಾತಾಡುವುದಕ್ಕಾಗಿಯೇ ಅಲ್ಲವೇ ಫ್ಯಾನ್ ಫಿಕ್ಷನ್ ಇರುವುದು? ಇಷ್ಟು ವರ್ಷಗಳಿಂದ ತೆರೆದೇ ಇರುವ ಪ್ರಶ್ನೆಗೆ ಉತ್ತರ ಸಿಗುತ್ತದೆಂದು ಬಂದ ಓದುಗರನ್ನು ಬರಿಗೈಯಲ್ಲಿ ಕಳುಹಿಸಿದರೆ ಅವರು ಎರಡನೆಯ ಅಧ್ಯಾಯವನ್ನು ತೆರೆಯುವುದಿಲ್ಲ.

ನಾನು: ಹೇಳುವ ಹಕ್ಕು ನಿನಗಿಲ್ಲವೆಂದು ನಾನು ಹೇಳುತ್ತಿಲ್ಲ, ಹೇಳಿದರೆ ಕಥೆಗೆ ಏನು ನಷ್ಟವಾಗುತ್ತದೆ ಎಂಬುದನ್ನು ನೋಡು. ಆ ಊರಿನ ಒಡೆಯನಾದ ಯಾರ್ಲ್ ಕೊರಿರ್ ಎಲ್ಲದಕ್ಕೂ ಕಾಲೇಜೇ ಹೊಣೆಯೆಂದು ನಂಬಿದ್ದಾನೆ. ಕಾಲೇಜಿನವರು ತಮ್ಮದೇನೂ ತಪ್ಪಿಲ್ಲವೆನ್ನುತ್ತಾರೆ, ನೆರೆಯ ನಾಡಾದ ಮೊರೋವಿಂಡ್‌ನ ಕೆಂಪು ಪರ್ವತದ ಸ್ಫೋಟದ ಕಡೆಗೆ ಬೆರಳು ತೋರಿಸುವವರೂ ಇದ್ದಾರೆ. ಆ ಪರ್ವತ ಸ್ಫೋಟಿಸಿದ್ದು ನಾಲ್ಕನೆಯ ಯುಗದ 5ನೆಯ ವರ್ಷದಲ್ಲಿ, ಅಂದರೆ ಕುಸಿತಕ್ಕೆ 117 ವರ್ಷ ಮೊದಲು; ಆ ವಾದವೂ ಸಲೀಸಾಗಿ ನಿಲ್ಲುವಂಥದ್ದಲ್ಲ. ಊರೆಲ್ಲ ಸಮುದ್ರಕ್ಕೆ ಬಿದ್ದರೂ ಕಾಲೇಜು ಮಾತ್ರ ಬಂಡೆಯ ಮೇಲೆ ನೆಟ್ಟಗೆ ನಿಂತಿತು, ಊರಿನವರ ಕಣ್ಣಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಈ ಬಿಕ್ಕಟ್ಟಿನ ಸತ್ವವಿರುವುದು ಎರಡೂ ಕಡೆಯವರ ಕೈಯಲ್ಲಿ ಪುರಾವೆ ಇಲ್ಲದಿರುವುದರಲ್ಲಿ. ನೀನು ಮ್ಯಾಗ್ನಸ್‌ನ ಕಣ್ಣನ್ನು ಹೊಣೆಯಾಗಿಸಿದ ಕ್ಷಣ ಯಾರೂ ತಪ್ಪಿತಸ್ಥರಲ್ಲವೆಂದು ತೀರ್ಮಾನವಾಗುತ್ತದೆ, ಏಕೆಂದರೆ ಆಗ ಆ ಕಣ್ಣು ಅಲ್ಲಿರುವುದು ಕಾಲೇಜಿನವರಿಗೂ ಗೊತ್ತಿರಲಿಲ್ಲ. ಇಷ್ಟು ವರ್ಷಗಳ ಸಂಶಯವೆಲ್ಲ ಒಂದು ತಪ್ಪು ಗ್ರಹಿಕೆ ಎಂದಾಗಿ, ಒಂದೇ ಪುಟದಲ್ಲಿ ಮುಗಿದುಹೋಗುತ್ತದೆ.

ಅಕ್ಕ: ನಿನ್ನ ಮಾತಿನಲ್ಲಿ ಒಂದು ದೋಷವಿದೆ. ಈ ಸರಣಿಯ ಆಟಗಳನ್ನು ಮಾಡಿದವರು ಹಿಂದಿನ ಪ್ರಶ್ನೆಗಳಿಗೆ ಉತ್ತರ ಕೊಟ್ಟಿಲ್ಲವೇ? 1996ರಲ್ಲಿ ಬಂದ ಡ್ಯಾಗರ್‌ಫಾಲ್ ಆಟಕ್ಕೆ ಹಲವು ಅಂತ್ಯಗಳಿದ್ದವು. ಅವುಗಳಲ್ಲಿ ಯಾವುದು ನಿಜವೆಂಬುದನ್ನು ಅವರು ಮುಂದಿನ ಆಟಗಳಲ್ಲಿ ಇತ್ಯರ್ಥ ಮಾಡಿದರು.

ನಾನು: ಹೇಗೆ ಇತ್ಯರ್ಥ ಮಾಡಿದರೆಂಬುದನ್ನೂ ನೆನಪಿಸಿಕೊ, ಅಕ್ಕ. ಒಂದನ್ನು ಆರಿಸಿ ಉಳಿದವನ್ನು ಸುಳ್ಳಾಗಿಸಲಿಲ್ಲ. ಮೂರನೆಯ ಯುಗದ 417ನೆಯ ವರ್ಷದಲ್ಲಿ ಕಾಲವೇ ಮುರಿದುಬಿದ್ದು, ಒಂದರೊಡನೊಂದು ಹೊಂದದ ಘಟನೆಗಳೆಲ್ಲವೂ ಏಕಕಾಲಕ್ಕೆ ನಡೆದುಹೋದವೆಂದು ಬರೆದರು. ‘ವಾರ್ಪ್ ಇನ್ ದ ವೆಸ್ಟ್’ ಎಂಬುದು ಅದಕ್ಕೆ ಆ ಲೋಕದವರು ಕೊಟ್ಟ ಹೆಸರು. ಆಟದೊಳಗೆ ನಾವು ಎತ್ತಿ ಓದುವ ಪುಸ್ತಕಗಳೂ ಹಾಗೆಯೇ: ಒಬ್ಬ ಇತಿಹಾಸಕಾರ ಹೇಳಿದ್ದನ್ನು ಇನ್ನೊಬ್ಬ ಅಲ್ಲಗಳೆಯುತ್ತಾನೆ, ಇಬ್ಬರಿಗೂ ಅವರವರ ಪಕ್ಷಪಾತವಿರುತ್ತದೆ. ನನ್ನನ್ನು ಆ ಲೋಕಕ್ಕೆ ಕಟ್ಟಿಹಾಕಿರುವುದೇ ಈ ಗುಣ.

ಚಿಕ್ಕಮ್ಮ: ನಾನು ಈ ಆಟವನ್ನು ಆಡಿದವಳಲ್ಲ, ಆದ್ದರಿಂದ ಕಣ್ಣು, ಯುಗ ಇವುಗಳ ಬಗ್ಗೆ ಮಾತಾಡುವುದಿಲ್ಲ. ಆದರೆ ಎಂಟು ಪುಟಗಳನ್ನೂ ಓದಿದ್ದೇನೆ. ಮೂರನೆಯ ಪುಟದಲ್ಲಿ ಒಬ್ಬಳು ಮುದುಕಿ ಬರುತ್ತಾಳಲ್ಲ, ಬಾಗಿಲಿಗೆ ಅಗುಳಿ ಹಾಕಿಕೊಂಡು, ಕಿಟಕಿಯ ಸಂದಿಯಿಂದ ಕಾಲೇಜಿಗೆ ಹೋಗುವ ಸೇತುವೆಯ ಮೇಲಿನ ನೀಲಿ ದೀಪಗಳನ್ನು ಎಣಿಸುತ್ತಾ ಕೂರುವವಳು, ಅವಳು ಯಾರು? ಒಂದು ವಾಕ್ಯದಲ್ಲಿ ಬಂದು ಮಾಯವಾಗುತ್ತಾಳೆ. ನನಗೆ ಅವಳನ್ನು ಬಿಟ್ಟು ಮುಂದಕ್ಕೆ ಹೋಗಲು ಮನಸ್ಸಾಗಲಿಲ್ಲ.

ತಮ್ಮ: ಅವಳು ಯಾರೂ ಅಲ್ಲ, ಚಿಕ್ಕಮ್ಮ. ಊರಿನ ವಾತಾವರಣ ತೋರಿಸಲು ಬರೆದ ಸಾಲು ಅದು. ಆಟದಲ್ಲಿ ಅಂಥ ಪಾತ್ರವೇ ಇಲ್ಲ.

ನಾನು: ಚಿಕ್ಕಮ್ಮ, ನೀವು ಬೆರಳಿಟ್ಟಿದ್ದು ಸರಿಯಾದ ಜಾಗದಲ್ಲಿ. ತಮ್ಮ, ಒಂದು ಲೆಕ್ಕ ಹಾಕು. ಕುಸಿತವಾದದ್ದು 122ರಲ್ಲಿ, ಆಟ ನಡೆಯುವುದು 201ರಲ್ಲಿ. ನಡುವೆ 79 ವರ್ಷ. ಎಲ್ಫ್‌ಗಳ ಆಯುಸ್ಸು ದೀರ್ಘವಾದ್ದರಿಂದ ಕಾಲೇಜಿನ ಹಿರಿಯರಲ್ಲಿ ಕೆಲವರಿಗೆ ಅದು ಕಣ್ಣಾರೆ ಕಂಡ ಸಂಗತಿಯಾಗಿರಬಹುದು, ಆದರೆ ಊರಿನ ನಾರ್ಡ್‌ಗಳಿಗೆ ಅದು ಅಜ್ಜ ಅಜ್ಜಿಯರು ಹೇಳಿದ ಕಥೆ. ಅಂದು ಏಳು ವರ್ಷದವಳಾಗಿದ್ದ ಹುಡುಗಿ ಬದುಕಿದ್ದರೆ ಈಗ ಅವಳಿಗೆ 86. ಆ ರಾತ್ರಿಯನ್ನು ಕಂಡ ಮನುಷ್ಯರಲ್ಲಿ ಊರಿನಲ್ಲಿ ಉಳಿದಿರುವ ಕೊನೆಯವಳು ಅವಳೇ ಆಗಿದ್ದರೆ? ಕಥೆಯನ್ನು ಅವಳ ಕೈಗೆ ಕೊಡು.

ತಮ್ಮ: ಡ್ರ್ಯಾಗನ್ ಇಲ್ಲ, ಕತ್ತಿ ಇಲ್ಲ, ರಹಸ್ಯಕ್ಕೆ ಉತ್ತರವಿಲ್ಲ, ನಾಯಕಿಗೆ 86 ವರ್ಷ. ಅಣ್ಣ, ಇಷ್ಟನ್ನೂ ತೆಗೆದ ಮೇಲೆ ಓದಿಸಿಕೊಂಡು ಹೋಗುವುದಾದರೂ ಯಾವುದು?

ಚಿಕ್ಕಮ್ಮ: ಊರು ಏಕೆ ಬಿತ್ತೆಂದು ಆ ಮುದುಕಿ ಏನು ನಂಬಿದ್ದಾಳೆ? ಅದನ್ನು ಹೇಳು, ಉಳಿದದ್ದನ್ನು ಆಮೇಲೆ ನೋಡೋಣ.

ತಮ್ಮ: ಅವಳೂ ಉಳಿದವರಂತೆ ಕಾಲೇಜನ್ನೇ ದೂರುತ್ತಾಳೆ ಎಂದುಕೊಂಡಿದ್ದೆ. ಈಗ ಯೋಚಿಸಿದರೆ, ಅವಳು ಏನನ್ನೋ ನೋಡಿರಬೇಕು. ಆ ರಾತ್ರಿ ಕಾಲೇಜಿನ ಗೋಪುರದಲ್ಲಿ ದೊಡ್ಡದೊಂದು ಬೆಳಕು ಎದ್ದದ್ದನ್ನು ಕಂಡೆನೆಂದು ಅವಳು ಹೇಳಿರಬಹುದು. ಏಳು ವರ್ಷದ ಮಗು ಸುಳ್ಳು ಹೇಳುವುದಿಲ್ಲವೆಂದು ಊರೆಲ್ಲ ಅದನ್ನು ನಂಬಿರಬಹುದು.

ನಾನು: ಇಲ್ಲಿಯೇ ನಿಲ್ಲು. ಇದು ನಿನ್ನ ಎಂಟು ಪುಟಗಳಿಗಿಂತ ದೊಡ್ಡದು. ಬೆಳಕು ಕಂಡದ್ದು ನಿಜ. ಆದರೆ ಅದು ನೆಲ ಕುಸಿಯುವ ಮೊದಲು ಕಂಡದ್ದೋ, ಕುಸಿದ ಮೇಲೆ ಮಾಂತ್ರಿಕರು ತಮ್ಮನ್ನು ಕಾಪಾಡಿಕೊಳ್ಳಲು ಅಥವಾ ನೀರಿಗೆ ಬಿದ್ದವರನ್ನು ಹುಡುಕಲು ಹಚ್ಚಿದ್ದೋ ಎಂಬುದು ಅವಳಿಗೇ ಖಚಿತವಿಲ್ಲ. ಅಂದು ಯಾರೋ ಹಿರಿಯರು ಅವಳ ಭುಜ ಹಿಡಿದು ‘ಮೊದಲೇ ಕಂಡೆಯಲ್ಲವೇ?’ ಎಂದು ಕೇಳಿದರು, ಅವಳು ಹೌದೆಂದು ತಲೆಯಾಡಿಸಿದಳು. ಆ ಒಂದು ತಲೆಯಾಡಿಸುವಿಕೆಯ ಮೇಲೆ ಊರಿನ ಇಡೀ ಹಗೆತನ ನಿಂತಿದೆ. ಕುಸಿತದ ಕಾರಣ ಯಾರಿಗೂ ತಿಳಿಯುವುದು ಬೇಡ. ಸಾಕ್ಷಿ ಹೇಳಿದ ಮಗು ಮುದುಕಿಯಾಗಿ ಆ ಸಾಕ್ಷಿಯನ್ನು ಹಿಂತೆಗೆದುಕೊಳ್ಳುತ್ತಾಳೋ ಇಲ್ಲವೋ ಎಂಬುದೇ ಓದುಗನನ್ನು ಎಳೆದುಕೊಂಡು ಹೋಗುತ್ತದೆ.

ಅಕ್ಕ: ಇದು ಚೆನ್ನಾಗಿದೆಯೆಂದು ಒಪ್ಪಲೇಬೇಕು. ಆದರೂ ಮ್ಯಾಗ್ನಸ್‌ನ ಕಣ್ಣನ್ನು ಪೂರ್ತಿ ಕೈಬಿಡುವುದಕ್ಕೆ ನನ್ನ ಸಮ್ಮತಿಯಿಲ್ಲ. ವಿಂಟರ್‌ಹೋಲ್ಡಿನ ಕಥೆಯಲ್ಲಿ ಅದು ಇಲ್ಲವೆಂದರೆ ಆಟ ಬಲ್ಲ ಓದುಗರು ಮೊದಲು ಕೇಳುವುದೇ ಅದನ್ನು.

ನಾನು: ಕೈಬಿಡುವುದು ಬೇಡ, ಅದು ನೆಲದೊಳಗೇ ಇರಲಿ. ಆಟ ಆರಂಭವಾಗುವುದು 201ನೆಯ ವರ್ಷದ ಲಾಸ್ಟ್ ಸೀಡ್ ತಿಂಗಳ 17ರಂದು. ನಮ್ಮ ಕಥೆ ಅದಕ್ಕೆ ಮೊದಲೇ ಮುಗಿಯಲಿ. ಆಗ ಡ್ರ್ಯಾಗನ್‌ಬಾರ್ನ್‌ನನ್ನು ತರುವ ಗೋಜಿಲ್ಲ, ಅಂತರ್ಯುದ್ಧದಲ್ಲಿ ಯಾರು ಗೆದ್ದರೆಂದು ತೀರ್ಮಾನಿಸುವ ಅಗತ್ಯವೂ ಇಲ್ಲ, ಕಾಲೇಜಿನ ಮುಖ್ಯಸ್ಥನಾದ ಆರ್ಚ್‌ಮೇಜ್ ಸಾವೋಸ್ ಅರೆನ್ ಇನ್ನೂ ಬದುಕಿರುತ್ತಾನೆ. ಸಾರ್ಥಾಲ್‌ನಲ್ಲಿ ಕಾಲೇಜಿನವರ ಉತ್ಖನನ ಶುರುವಾಗಿದೆಯೆಂಬ ಸುದ್ದಿ ಕೊನೆಯ ಅಧ್ಯಾಯದಲ್ಲಿ ಯಾರದೋ ಬಾಯಿಂದ ಬರಲಿ, ಹಳೆಯ ಗೋರಿಗಳನ್ನು ಅಗೆಯುತ್ತಿದ್ದಾರಂತೆ ಎಂಬಷ್ಟೇ ಮಾತು. ಆ ನೆಲದಡಿಯಲ್ಲಿ ಏನಿದೆಯೆಂದು ಓದುಗನಿಗೆ ಗೊತ್ತು, ಮುದುಕಿಗೆ ಗೊತ್ತಿಲ್ಲ. ಕಣ್ಣೇ ಕಾರಣವೆಂದು ನಂಬುವ ನಿನ್ನಂಥವರು ಹಾಗೆಯೇ ಓದಿಕೊಳ್ಳುತ್ತೀರಿ, ನಾನು ನನ್ನಂತೆ ಓದಿಕೊಳ್ಳುತ್ತೇನೆ.

ತಮ್ಮ: ಆದರೆ ಅಣ್ಣ, ಇದರಲ್ಲಿ ಒಂದು ತೊಡಕಿದೆ. ಆಟ ಆಡುವಾಗ ನಾವು ವಿಂಟರ್‌ಹೋಲ್ಡಿನಲ್ಲಿ ಆ ಮುದುಕಿಯನ್ನು ಕಾಣುವುದಿಲ್ಲ. ಹಾಗಾದರೆ ಕಥೆ ಮುಗಿಯುವುದರೊಳಗೆ ಅವಳು ಸಾಯಲೇಬೇಕು. ಸೇತುವೆಯ ಮುರಿದ ಅಂಚಿನಿಂದ ಬೀಳುತ್ತಾಳೆಂದು ಬರೆಯಲೇ?

ನಾನು: ಬೇಡ. ಊರನ್ನು ನುಂಗಿದ ಸಮುದ್ರಕ್ಕೆ ಅವಳನ್ನೂ ದೂಡುವುದು ತೀರಾ ಸುಲಭದ ದಾರಿ. ಆದರೆ ಕ್ಯಾನನ್ನಿಗೆ ಹೊಂದಬೇಕೆಂದರೆ ಅವಳು ಊರು ಬಿಟ್ಟಾದರೂ ಹೋಗಬೇಕು ಎಂದು ನನಗೂ ಅನ್ನಿಸುತ್ತಿದೆ.

ಅಕ್ಕ: ಇಬ್ಬರೂ ಇಲ್ಲದ ಕಷ್ಟವನ್ನು ತಂದುಕೊಳ್ಳುತ್ತಿದ್ದೀರಿ. ಆಟದಲ್ಲಿ ಊರುಗಳನ್ನು ಕುಗ್ಗಿಸಿ ತೋರಿಸಿದ್ದಾರೆ. ವಿಂಟರ್‌ಹೋಲ್ಡ್ ಒಂದು ಸೀಮೆಯ ರಾಜಧಾನಿ. ಆದರೆ ಅಲ್ಲಿ ನಾವು ಹೊಕ್ಕು ನೋಡಬಹುದಾದದ್ದು ಯಾರ್ಲ್‌ನ ಮನೆ, ಫ್ರೋಜನ್ ಹಾರ್ತ್ ವಸತಿಗೃಹ, ಬಿರ್ನಾಳ ಅಂಗಡಿ ಮೊದಲಾದ ಬೆರಳೆಣಿಕೆಯ ಕಟ್ಟಡಗಳು ಮಾತ್ರ. ಕುಸಿತದ ನಂತರವೂ ಅಷ್ಟೇ ಮನೆಗಳ ಊರೊಂದು ರಾಜಧಾನಿ ಎನಿಸಿಕೊಳ್ಳುವುದು ಹೇಗೆ? ಆಟ ತೋರಿಸದ ಮನೆಗಳೂ, ಆ ಮನೆಗಳಲ್ಲಿ ಜನರೂ ಇದ್ದಾರೆಂದೇ ಫ್ಯಾನ್ ಫಿಕ್ಷನ್ ಬರೆಯುವವರೆಲ್ಲ ಇಟ್ಟುಕೊಳ್ಳುವುದು. ಅವಳು ಅಗುಳಿ ಹಾಕಿದ ಬಾಗಿಲಿನ ಹಿಂದೆ ಇದ್ದಾಳೆ. ಆಡುವವನು ಆ ಬಾಗಿಲನ್ನು ತಟ್ಟಲಿಲ್ಲ, ಅಷ್ಟೇ.

ನಾನು: ಅಕ್ಕ, ಇದು ನನಗೆ ಹೊಳೆದಿರಲಿಲ್ಲ. ನೀನು ಹೇಳಿದ್ದೇ ಸರಿ, ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ.

ಚಿಕ್ಕಮ್ಮ: ಊರಿನವರು ಮಾಂತ್ರಿಕರನ್ನು ಅಷ್ಟು ದ್ವೇಷಿಸಿದರೆ ಅವರ ನಡುವೆ ಓಡಾಟವೇ ಇರುವುದಿಲ್ಲವೇ? ಮುಖ ನೋಡದವರ ನಡುವಿನ ಜಗಳವನ್ನು ಎಷ್ಟು ಪುಟ ಬರೆಯುತ್ತೀರಿ?

ಅಕ್ಕ: ಓಡಾಟ ಇದೆ ಚಿಕ್ಕಮ್ಮ. ಆ ವಸತಿಗೃಹದಲ್ಲಿಯೇ ನೆಲಕಾರ್ ಎಂಬ ಎಲ್ಫ್ ಮಾಂತ್ರಿಕ ಕೋಣೆ ಹಿಡಿದು ಉಳಿದುಕೊಂಡಿದ್ದಾನೆ. ಅವನ ಪ್ರಯೋಗಗಳಿಂದ ಏಳುವ ದುರ್ವಾಸನೆ ಉಳಿದ ಗಿರಾಕಿಗಳನ್ನು ಓಡಿಸುತ್ತದೆಂದು ಯಜಮಾನ ಡಾಗರ್ ಅವನೊಡನೆ ವಾದಕ್ಕಿಳಿಯುತ್ತಾನೆ. ಆದರೂ ಅವನನ್ನು ಹೊರಹಾಕುವುದಿಲ್ಲ.

ನಾನು: ಹಾಗಾದರೆ ಮುದುಕಿ ತನ್ನ ಮಾತನ್ನು ಮೊದಲು ಬಾಯಿಬಿಡಬೇಕಾದದ್ದು ಆ ನೆಲಕಾರ್‌ನೆದುರಿಗೆ. ಯಾರ್ಲ್‌ನ ಸಭೆಯಲ್ಲಲ್ಲ, ಅದು ನಾಟಕೀಯವಾಗುತ್ತದೆ. ವಸತಿಗೃಹದ ಬೆಂಕಿಯ ಮುಂದೆ, ಡಾಗರ್ ವಾಸನೆಯ ವಿಷಯಕ್ಕೆ ಗೊಣಗಿ ಒಳಗೆ ಹೋದ ಮೇಲೆ, ಅವಳು ಆ ಎಲ್ಫ್‌ನನ್ನು ಕೇಳುತ್ತಾಳೆ: ಒಬ್ಬ ಮಾಂತ್ರಿಕ ಕತ್ತಲಲ್ಲಿ ಹಚ್ಚಬಲ್ಲ ಬೆಳಕು ಎಷ್ಟು ದೂರದವರೆಗೆ ಕಾಣುತ್ತದೆ? ಅವನು ಅದನ್ನು ಕುತೂಹಲದ ಪ್ರಶ್ನೆಯೆಂದು ತಿಳಿದು ಉತ್ಸಾಹದಿಂದ ವಿವರಿಸತೊಡಗುತ್ತಾನೆ. ಅಷ್ಟು ಹೊತ್ತೂ ಅವಳ ಕೈಗಳು ಮಡಿಲಲ್ಲಿ ಏನು ಮಾಡುತ್ತಿದ್ದವೆಂಬುದನ್ನು ಮಾತ್ರ ಬರೆ.

ತಮ್ಮ: ಮತ್ತೆ ಸೇತುವೆ? ಅವಳು ಅದನ್ನು ದಾಟುತ್ತಾಳೋ ಇಲ್ಲವೋ? ಕಾಲೇಜಿನ ಕಡೆಯಿಂದ ಫರಾಲ್ಡಾ ಎಂಬ ಮಾಂತ್ರಿಕೆ ಅಲ್ಲಿ ನಿಂತು, ಬಂದವರಿಗೆ ಒಂದು ಮಂತ್ರವನ್ನು ಮಾಡಿ ತೋರಿಸಲು ಹೇಳುತ್ತಾಳೆ. ಇವಳಿಗೆ ಯಾವ ಮಂತ್ರವೂ ಬಾರದು.

ಅಕ್ಕ: ದಾಟಲಿ. ಅಷ್ಟು ದೂರ ಬಂದವಳನ್ನು ಹಿಂದಕ್ಕೆ ಕಳುಹಿಸಿದರೆ ಓದುಗರ ಶಾಪ ತಟ್ಟುತ್ತದೆ.

ನಾನು: ದಾಟುವುದು ಬೇಡವೆಂಬುದು ನನ್ನ ಅಭಿಪ್ರಾಯ. ಸೇತುವೆಯ ತುದಿಯಲ್ಲಿ ಇಬ್ಬರು ಹೆಂಗಸರು ಗಾಳಿಗೆ ಮೈಯೊಡ್ಡಿ ನಿಂತು ಮಾತಾಡುವುದಕ್ಕಿಂತ ಹೆಚ್ಚಿನದೇನೂ ಅಲ್ಲಿ ನಡೆಯಬೇಕಾಗಿಲ್ಲ. ಇದರಲ್ಲಿ ನಮ್ಮಿಬ್ಬರಿಗೂ ಒಮ್ಮತವಾಗದಿದ್ದರೆ ತೀರ್ಮಾನ ಬರೆಯುವವನದು.

ತಮ್ಮ: ಅದನ್ನು ಅಲ್ಲಿಗೆ ತಲುಪಿದಾಗ ನಿರ್ಧರಿಸುತ್ತೇನೆ. ಹಳೆಯ ಎಂಟು ಪುಟಗಳನ್ನು ಪಕ್ಕಕ್ಕಿಟ್ಟು ಹೊಸದಾಗಿ ತೊಡಗಿದ್ದೇನೆ. ಆರಂಭ ಹೀಗಿದೆ: ‘ಅವಳು ದೀಪಗಳನ್ನು ಎಣಿಸುವುದನ್ನು ಎಂದೂ ತಪ್ಪಿಸಿದವಳಲ್ಲ. ಮಂಜು ಸುರಿಯುವ ರಾತ್ರಿಗಳಲ್ಲಿ ಸೇತುವೆಯ ಆಚೆ ತುದಿಯ ಎರಡು ದೀಪಗಳು ಕಾಣುತ್ತಿರಲಿಲ್ಲ. ಆಗ ಅವುಗಳನ್ನು ನೆನಪಿನಿಂದಲೇ ಲೆಕ್ಕಕ್ಕೆ ಸೇರಿಸಿಕೊಂಡು ಮಲಗುವಳು. ಏಳು ವರ್ಷದವಳಿದ್ದಾಗ, ನೆಲ ಕುಸಿಯುವ ಮೊದಲು, ಅವಳು ಆ ಕಡೆಯಲ್ಲಿ ಇದೆಲ್ಲಕ್ಕಿಂತ ದೊಡ್ಡದೊಂದು ಬೆಳಕನ್ನು ಕಂಡಿದ್ದಳು.’

ಚಿಕ್ಕಮ್ಮ: ನೆನಪಿನಿಂದಲೇ ಲೆಕ್ಕಕ್ಕೆ ಸೇರಿಸಿಕೊಳ್ಳುವ ಆ ಎರಡು ದೀಪಗಳು ಬಹಳ ಚೆನ್ನಾಗಿವೆ. ಮುಂದೆಯೂ ಬೇಕಾಗುತ್ತವೆ, ಜೋಪಾನವಾಗಿಟ್ಟುಕೊ.

ಅಕ್ಕ: ಕೊನೆಯ ವಾಕ್ಯದಲ್ಲಿ ‘ನೆಲ ಕುಸಿಯುವ ಮೊದಲು’ ಎಂಬುದನ್ನು ತೆಗೆ. ಅದನ್ನು ಕಥೆ ಹೇಳುವವನೇ ಹೇಳಿಬಿಟ್ಟರೆ ಅವಳಿಗೆ ಹೇಳಲು ಏನೂ ಉಳಿಯುವುದಿಲ್ಲ.

ತಮ್ಮ: ತೆಗೆದೆ. ಈಗ ‘ಏಳು ವರ್ಷದವಳಿದ್ದಾಗ, ನೆಲ ಕುಸಿದ ರಾತ್ರಿ’ ಎಂದಿದೆ.