ಹಾಯಿದೋಣಿಯ ಹಿಂದಿನ ಹಲಗೆ ಕುಂಬಾಗಿದೆ: ಪುಟ್ಟಿ ಸಾಕಾ, ಕತ್ತರಿಸಬೇಕಾ?

ಉದ್ಯಾವರ ಹೊಳೆಬದಿ:
ಎಲ್ಲರಿಗೂ ನಮಸ್ಕಾರ. ಹನ್ನೊಂದು ಅಡಿಯ ಹಳೆ ಹಾಯಿದೋಣಿಯೊಂದನ್ನು ಈಚೆಗೆ ಕೊಂಡೆ. ಮೈಯೆಲ್ಲ 6 ಎಂಎಂ ಪ್ಲೈವುಡ್, ಹಿಂದಿನ ಹಲಗೆ ಮಾತ್ರ ಗಟ್ಟಿ ಮರ. ಮಳೆಗಾಲವಿಡೀ ಟಾರ್ಪಾಲಿನ ಅಡಿಯಲ್ಲಿ ಇತ್ತಂತೆ. ಹಿಂದಿನ ಹಲಗೆ ತಳಕ್ಕೆ ಸೇರುವ ಎಡ ಮೂಲೆಯಲ್ಲಿ ಮೇಲಿನ ಬಣ್ಣ ಚೆನ್ನಾಗಿಯೇ ಉಂಟು, ಆದರೆ ಸ್ಕ್ರೂಡ್ರೈವರ್ ಒತ್ತಿದರೆ ಚಹಾದಲ್ಲಿ ಅದ್ದಿದ ರಸ್ಕಿಗೆ ಚುಚ್ಚಿದ ಹಾಗೆ ಒಳಗೆ ಹೋಗುತ್ತದೆ, ಮರ ಕೊಳೆತು ಕುಂಬಾಗಿದೆ. ಪಕ್ಕದ ಪ್ಲೈ ಕೂಡ ಒಂದು ಗೇಣು ಕಪ್ಪಾಗಿದೆ. ತೂತು ಕೊರೆದು ತೆಳು ಎಪಾಕ್ಸಿ ಅಂಟು ತುಂಬಿಸಿ ಪುಟ್ಟಿ ಎಳೆದರೆ ಸಾಕು ಎನ್ನುತ್ತಾರೆ ಕೆಲವರು. ಸಾಕಾಗ್ತದಾ? ಬಂದರಿನ ಕಡೆ ಸಿಗುವ ಫೈಬರ್ ದೋಣಿಯ ರೆಸಿನ್ನೇ ನಡೀತದಾ?

ಬಂದರು ಬಡಗಿ:
ಕತ್ತರಿಸಿ ತೆಗೆಯಿರಿ ಮಾರಾಯ್ರೆ. ಮರದ ನಾರನ್ನು ಬೂಷ್ಟು ತಿಂದು ಆಗಿದೆ, ಎಪಾಕ್ಸಿ ಕುಡಿಸಿದರೆ ಅದು ಗಟ್ಟಿಯಾದೀತು, ಹೋದ ಬಲ ವಾಪಸ್ ಬರುವುದಿಲ್ಲ. ಅದೂ ಹಿಂದಿನ ಹಲಗೆ, ಚುಕ್ಕಾಣಿ ನೇತಾಡುವುದೇ ಅದರಲ್ಲಿ ಅಲ್ವಾ? ಎಲ್ಲಿಯವರೆಗೆ ಕುಂಬು ಉಂಟು ಅಂತ ನೋಡಲು ಚೂಪು ಉಳಿಯ ತುದಿಯಿಂದ ಸ್ವಲ್ಪ ಎಬ್ಬಿಸಿ ನೋಡಿ. ಒಳ್ಳೆ ಮರವಾದರೆ ಉದ್ದ ಸಿಬಿರು ಏಳುತ್ತದೆ, ಕುಂಬಾದದ್ದು ಅಲ್ಲೇ ಅಡ್ಡಕ್ಕೆ ಪಟಕ್ ಅಂತ ತುಂಡಾಗುತ್ತದೆ. ಉದ್ದ ಸಿಬಿರು ಸಿಕ್ಕಿದ ಮೇಲೂ ಒಂದೆರಡು ಇಂಚು ಮುಂದೆ ಹೋಗಿ ಕತ್ತರಿಸಿ, ಬೂಷ್ಟು ಕಣ್ಣಿಗೆ ಕಾಣುವುದಕ್ಕಿಂತ ಮುಂದೆ ಹೋಗಿರುತ್ತದೆ.

ಪ್ಲೈಗೆ ತುಂಡು ಹಾಕುವಾಗ ಅಂಚಿಗೆ ಅಂಚು ತಾಗಿಸಿ ಅಂಟಿಸಬೇಡಿ. ಎರಡೂ ಕಡೆ ಓರೆ ಮಾಡಿ, ದಪ್ಪದ ಎಂಟು ಪಟ್ಟು, ಅಂದರೆ 6 ಎಂಎಂಗೆ 48 ಎಂಎಂ ಓರೆ. ಕೀಸುಳಿ ಹಿಡಿಯುವಾಗ ಪ್ಲೈಯ ಪದರಗಳು ಪಟ್ಟಿ ಪಟ್ಟಿಯಾಗಿ ಕಾಣುತ್ತವೆ, ಆ ಗೆರೆ ನೇರ ಇದ್ದರೆ ಓರೆಯೂ ಸಮ ಉಂಟು ಅಂತ ಲೆಕ್ಕ. ಮೊದಲು ಬರಿ ಎಪಾಕ್ಸಿ ಹಚ್ಚಿ ಮರಕ್ಕೆ ಕುಡಿಯಲು ಬಿಡಿ, ಆಮೇಲೆ ಪುಡಿ ಸೇರಿಸಿ ದಪ್ಪ ಮಾಡಿದ್ದು. ಕ್ಲಾಂಪನ್ನು ಜಾಸ್ತಿ ಬಿಗಿದರೆ ಅಂಟೆಲ್ಲ ಹೊರಗೆ ಬಂದು ಒಳಗೆ ಏನೂ ಉಳಿಯುವುದಿಲ್ಲ.

ಮಲ್ಪೆ ಗಾಳಿ:
ರೆಸಿನ್ ವಿಷಯ ಹೇಳ್ತೇನೆ. ಫೈಬರ್ ದೋಣಿಗೆ ಹಾಕುವುದು ಹೆಚ್ಚಾಗಿ ಪಾಲಿಯೆಸ್ಟರ್. ಅದು ಮರಕ್ಕೆ ಸರಿಯಾಗಿ ಹಿಡಿಯುವುದಿಲ್ಲ, ಕ್ರಮೇಣ ಎದ್ದು ಬಂದು ಸಂದಿಯಲ್ಲಿ ನೀರು ನಿಲ್ಲುತ್ತದೆ. ಎಪಾಕ್ಸಿಯೇ ತೆಗೆದುಕೊಳ್ಳಿ, ದುಬಾರಿ ಆದರೂ. ಪ್ಲೈ ತರುವಾಗ ಐಎಸ್ 710 ಮುದ್ರೆ ನೋಡಿ, ಅದೇ ಮರೈನ್ ಪ್ಲೈ. ಐಎಸ್ 303 ಮನೆಯ ಕಪಾಟಿಗೆ ಸರಿ, ದೋಣಿಗೆ ಬೇಡ. ಹಿಂದಿನ ಹಲಗೆಗೆ ಚೆನ್ನಾಗಿ ಒಣಗಿದ ಹೆಬ್ಬಲಸು ಸಿಕ್ಕಿದರೆ ಬಿಡಬೇಡಿ, ನಮ್ಮ ಕರಾವಳಿಯಲ್ಲಿ ದೋಣಿಗೆ ಹಿಂದಿನಿಂದಲೂ ಬಳಸಿದ ಮರ ಅದು.

ಇನ್ನೊಂದು, ಉಪ್ಪುನೀರನ್ನು ಬೈಯಬೇಡಿ. ಉಪ್ಪು ಬೂಷ್ಟಿಗೆ ಆಗುವುದಿಲ್ಲ. ಹಾಳು ಮಾಡಿದ್ದು ಮಳೆನೀರು ಮತ್ತು ಗಾಳಿಯಾಡದ ಟಾರ್ಪಾಲು. ಮರದ ತೇವ ನೂರಕ್ಕೆ 20ರ ಒಳಗಿದ್ದರೆ ಕುಂಬು ಶುರುವೇ ಆಗುವುದಿಲ್ಲ. ತಳದ ಅಡ್ಡಪಟ್ಟಿಗಳಲ್ಲಿ ನೀರು ಹರಿದು ಹೋಗಲು ಸಣ್ಣ ತೂತುಗಳಿರುತ್ತವೆ, ಅವು ಕಸ ಕಟ್ಟಿಕೊಂಡಿವೆಯಾ ನೋಡಿ. ಅದನ್ನು ಸರಿ ಮಾಡದೆ ಮೂಲೆ ಮಾತ್ರ ರಿಪೇರಿ ಮಾಡಿದರೆ ಮುಂದಿನ ಮಳೆಗಾಲಕ್ಕೆ ಪುನಃ ಇದೇ ಕಥೆ.

ಉದ್ಯಾವರ ಹೊಳೆಬದಿ:
ಎಡ ಮೂಲೆಯ ತೂತಿನಲ್ಲಿ ಹಳೆ ಬಣ್ಣ ಕಟ್ಟಿ ಕೂತಿದೆ, ನೀವು ಹೇಳಿದ ಹಾಗೆಯೇ! ಕತ್ತರಿಸಿಯೇ ತೆಗೆಯುತ್ತೇನೆ. ಆದರೆ ಒಳಗೆಲ್ಲ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದಿದ್ದಾರೆ. ಅದರ ಮೇಲೆ ಎಪಾಕ್ಸಿ ಹಿಡೀತದಾ?

ಬಂದರು ಬಡಗಿ:
ಎಣ್ಣೆ ಇದ್ದಲ್ಲಿ ಹಿಡಿಯುವುದಿಲ್ಲ. ಮೊದಲು ಅಸಿಟೋನಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಪ್ರತಿ ಸಲ ಹೊಸ ಬಟ್ಟೆ, ಇಲ್ಲದಿದ್ದರೆ ಎಣ್ಣೆ ಸುಮ್ನೆ ಹರಡುತ್ತದೆ. ಆಮೇಲೆ ಹೊಸ ಮರ ಕಾಣುವವರೆಗೆ ಉಜ್ಜಿ. ಒಂದು ಹನಿ ನೀರು ಬಿಟ್ಟು ನೋಡಿ. ಗುಂಡಗೆ ನಿಂತರೆ ಇನ್ನೂ ಎಣ್ಣೆ ಉಂಟು, ಹರಡಿದರೆ ಹೋಗಿದೆ. ಆ ನೀರು ಪೂರ್ತಿ ಒಣಗಿದ ಮೇಲೆಯೇ ಅಂಟಿನ ಕೆಲಸ. ಕೈಗವಸು ಹಾಕಿಕೊಳ್ಳಿ, ಆ ಎಣ್ಣೆ ಚರ್ಮ ಸುಡುತ್ತದೆ.

ಒಣಗಲು ಅವಸರ ಮಾಡಬೇಡಿ. ಕುಂಬು ಕಿತ್ತ ಮೇಲೆ ದೋಣಿ ಮಗುಚಿ ಹಾಕಿ, ಅಡಿಯಲ್ಲಿ ಗಾಳಿಯಾಡುವ ಹಾಗೆ, ನೆರಳಲ್ಲಿ. ಈಗ ಜನವರಿಯ ಒಣ ಗಾಳಿ ಉಂಟು, ಇದಕ್ಕಿಂತ ಒಳ್ಳೆ ಸಮಯ ನಮ್ಮೂರಲ್ಲಿ ಸಿಗುವುದಿಲ್ಲ. ಅಂಟಿನ ಕೆಲಸ ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಶುರು ಮಾಡಿ. ಮಾರನೇ ದಿನ ಎಪಾಕ್ಸಿಯ ಮೇಲೆ ಮೇಣದ ಹಾಗೆ ಜಿಡ್ಡು ಕಂಡರೆ ನೀರು ಹಾಕಿ ತಿಕ್ಕಿ ತೊಳೆದು, ಒಣಗಿಸಿ, ಆಮೇಲೆಯೇ ಮುಂದಿನ ಕೋಟು.