ದೋಸೆಗಿಂತ ಜಾಸ್ತಿ ತೂತು

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌.ಪಿ. ರಸ್ತೆಯಿಂದ ನೇರ ದರ್ಶಿನಿಗೆ ಬಂದ ಗುಂಡ ದೋಸೆ ತಟ್ಟೆ ಪಕ್ಕಕ್ಕೆ ತಳ್ಳಿ ಒಂದು ಬಿಳಿ ಹಲಗೆ ಇಟ್ಟ.

"ಬ್ರೆಡ್‌ಬೋರ್ಡ್. ಬೆಸುಗೆ ಹಾಕದೆ, ತೂತಿಗೆ ಚುಚ್ಚಿಯೇ ಸರ್ಕ್ಯೂಟ್ ಕಟ್ಟಬಹುದು. 830 ತೂತು. ಚೌಕಾಸಿ ಮಾಡಿ ಅರ್ಧ ರೇಟಿಗೆ ತಂದೆ."

"ಇಷ್ಟು ತೂತು ಈ ದೋಸೆಯಲ್ಲೂ ಇಲ್ಲ ಕಣೋ" ಅಂದ ಕಡ್ಡಿ. ಅವನಿಗೆ ಎಲೆಕ್ಟ್ರಾನಿಕ್ಸ್ ಗೊತ್ತಿಲ್ಲ. ಮಾತಿಗೇನೂ ಬರವಿಲ್ಲ. "ಇದಕ್ಕೂ ಬ್ರೆಡ್ಡಿಗೂ ಏನು ಸಂಬಂಧ?"

"ಹಿಂದೆ ರೇಡಿಯೊ ಹುಚ್ಚಿನವರು ಬ್ರೆಡ್ ಕುಯ್ಯೋ ಮಣೆಗೇ ಮೊಳೆ ಹೊಡೆದು ಸರ್ಕ್ಯೂಟ್ ಕಟ್ಟುತ್ತಿದ್ದರು" ಅಂದೆ.

"ನಮ್ಮಮ್ಮನ ಈಳಿಗೆಮಣೆ ಮುಟ್ಟಿದ್ದರೆ ಗೊತ್ತಾಗೋದು!"

ಗುಂಡ ಆಗಲೇ ಇಎಸ್‌ಪಿ32 ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡನ್ನು ಅದರ ಮೇಲೆ ಒತ್ತಿ ಕೂರಿಸಿದ್ದ. ಅದೋ ಅಗಲದ ಆಸಾಮಿ. ಒಂದು ಬದಿ ಒಂದೇ ಸಾಲು ತೂತು ಉಳಿಯಿತು, ಇನ್ನೊಂದು ಬದಿ ಸೊನ್ನೆ.

"ವೈರ್ ಎಲ್ಲಿ ಚುಚ್ಚಲಿ?"

"ಬಸ್ಸಲ್ಲಿ ಇಬ್ಬರ ಸೀಟಲ್ಲಿ ಒಬ್ಬನೇ ಕೂತ ಹಾಗಿದೆ" ಅಂದ ಕಡ್ಡಿ.

"ಇನ್ನೊಂದು ಬ್ರೆಡ್‌ಬೋರ್ಡ್ ತಂದು ಪಕ್ಕಕ್ಕೆ ಜೋಡಿಸು" ಅಂದೆ. "ಇಲ್ಲ, ಇದಕ್ಕಿಂತ ಕಿರಿದಾದ ಆರ್ಡುಯಿನೊ ನ್ಯಾನೊ ಬೋರ್ಡ್ ಹಾಕು. ಒಂದು ಕಡೆ ಎರಡು, ಇನ್ನೊಂದು ಕಡೆ ಮೂರು ತೂತು ಸಿಗುತ್ತೆ."

ಆಮೇಲೆ ನನ್ನ ಕಥೆ ಹೇಳಿದೆ. ಮೂರು ರಾತ್ರಿ ನನ್ನ ಕೋಡ್‌ಗೆ ಶಾಪ ಹಾಕಿದ್ದೆ. ಎಡಗಡೆ ಎಲ್‌ಇಡಿ ಉರಿಯುತ್ತೆ, ಬಲಗಡೆ ಸೆನ್ಸರ್ ಉಸಿರೇ ಎತ್ತಲ್ಲ. ಕೊನೆಗೆ ನೋಡಿದರೆ ಕರೆಂಟ್ ಹಂಚೋ ಅಂಚಿನ ಸಾಲಿನ ಕೆಂಪು ಗೆರೆ ನಡುವೆ ಒಂದು ಚೂರು ಇರಲೇ ಇಲ್ಲ! ಅಲ್ಲಿಗೆ ಒಳಗಿನ ಪಟ್ಟಿಯೂ ತುಂಡು. ತಪ್ಪು ಬೋರ್ಡಿನದಲ್ಲ ಬಿಡಿ, ಕೆಲವು ಬರೋದೇ ಹಾಗೆ. ಅರ್ಧಕ್ಕೆ 5 ವೋಲ್ಟ್, ಅರ್ಧಕ್ಕೆ 3.3 ಕೊಡಬಹುದು. ಒಂದೇ ಬೇಕಾದರೆ ನಡುವೆ ತುಂಡು ವೈರ್ ಹಾಕಿದರಾಯಿತು.

ಗುಂಡನ ಚೀಲದಲ್ಲಿ ಮಲ್ಟಿಮೀಟರ್ ಇತ್ತು. ಅದರ ಮೊನೆ ತೂತಿಗೆ ದಪ್ಪ, ಹಾಗಾಗಿ ವೈರ್ ತುಂಡು ಚುಚ್ಚಿ ಮುಟ್ಟಿಸಿದೆ. ಈ ತುದಿಯಿಂದ ಆ ತುದಿವರೆಗೂ ಕುಂಯ್ ಅಂತು, ಅಂದರೆ ಪಟ್ಟಿ ಎಲ್ಲೂ ತುಂಡಾಗಿಲ್ಲ. ಗುಂಡ ಬೀಗಿದ.

"ತಾಳು, ಹಿಡಿತ ನೋಡೋಣ. ದಪ್ಪ ಕಾಲಿನ ಡಯೋಡ್ ಏನಾದರೂ ಚುಚ್ಚಿದ್ಯಾ?"

"ಅಂಗಡಿಯವನೇ ಚುಚ್ಚಿ ತೋರಿಸಿದ."

ಒಳಗಿನ ಕ್ಲಿಪ್ ಒಮ್ಮೆ ಹಿಗ್ಗಿದರೆ ತೆಳ್ಳನೆ ಕಾಲು ನಿಲ್ಲಲ್ಲ. ಅದೇ ತೂತಿಗೆ ಬಣ್ಣದ ಪಟ್ಟೆಯ ರೆಸಿಸ್ಟರ್ ಸಿಕ್ಕಿಸಿ ಬೋರ್ಡ್ ತಲೆಕೆಳಗು ಮಾಡಿದೆ. ಸೀದಾ ಚಟ್ನಿಗೆ ಬಿತ್ತು.

ಕಡ್ಡಿ ಚಮಚದಲ್ಲಿ ಎತ್ತಿ ಬೆಳಕಿಗೆ ಹಿಡಿದ. "ಕೆಂಪು, ಕೆಂಪು, ಕಂದು, ಹಸಿರು. ಈ ಪಟ್ಟೆಗಳು ಏನು ಹೇಳ್ತವೆ?"

"220 ಓಮ್. ಹಸಿರು ಮಾತ್ರ ಕೊತ್ತಂಬರಿ ಕಣೋ."